ಬುತ್ತಿ ಕಟ್ಟಿಕೊಂಡು ಕಾನೂನು ಓದಿದವರು

ಅವಿಭಕ್ತ ಕುಟುಂಬದ ಪಾಲಿನ ದಾವೆ ಎಂದರೆ ವಕೀಲರ ಬಾಯಿಗೆ ಮೊದಲು ಬರುವ ಹೆಸರು ಮಿತಾಕ್ಷರ. ಅದು ಹುಟ್ಟಿದ್ದು ನಮ್ಮ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ. ವಿಜ್ಞಾನೇಶ್ವರ ಬರೆದ ಆ ವ್ಯಾಖ್ಯಾನದ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ 1810ರಲ್ಲಿ ಅನುವಾದಿಸಿದ. ಮುಂದೆ ಬಂಗಾಳದ ಕಡೆ ಬಿಟ್ಟರೆ ದೇಶದ ಬಹುತೇಕ ಕೋರ್ಟುಗಳು ಅದನ್ನೇ ಹಿಡಿದು ತೀರ್ಪು ಕೊಟ್ಟವು. ಇಷ್ಟೆಲ್ಲ ಇದ್ದರೂ ಮಂಠಾಳದ ಹುಡುಗನಿಗೆ ವಕೀಲಿ ಓದಬೇಕೆಂದರೆ ಟ್ರಂಕು ಹೊತ್ತು ಊರು ಬಿಡದೆ ಗತಿಯಿರಲಿಲ್ಲ.

ದೊಡ್ಡ ವಕೀಲರ ಕಥೆ ಹೇಳುವವರು ಬಾರ್ ರೂಮಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ವಕೀಲರು ಓದುವಾಗ ಎಲ್ಲಿ ಉಂಡರು, ಎಲ್ಲಿ ಮಲಗಿದರು, ಯಾರ ಕಟ್ಟಳೆಗೆ ತಲೆಬಾಗಿದರು ಎಂದು ಯಾರೂ ಹೇಳುವುದಿಲ್ಲ. ನನಗೆ ಆಸಕ್ತಿ ಇರುವುದು ಅದರಲ್ಲೇ.

ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ. ಎಲ್ಲಮ್ಮನ ಗುಡಿಗೆ ಹೋಗುವವರು ಅಲ್ಲಿನ ಅರವತ್ತು ಕಂಬದ ಗುಡಿಯನ್ನೂ ನೋಡಿರುತ್ತೀರಿ. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲಕ್ಕೆ ಅದು ಘಟಿಕಾಸ್ಥಾನ, ಅಂದರೆ ವಿದ್ಯಾರ್ಥಿಗಳು ಉಳಿದು ಓದುವ ಸಂಸ್ಥೆ. ದಂಡನಾಯಕ ಮಧುಸೂದನ ಅದಕ್ಕೆ ಕೊಟ್ಟ ದತ್ತಿಯ ವಿವರ 1058ರ ಶಾಸನದಲ್ಲಿದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50ರ ಆಸುಪಾಸು. ವೇದಕ್ಕೆ ಮೂವರು ಗುರುಗಳು, ಶಾಸ್ತ್ರಕ್ಕೆ ಮೂವರು. ಇವರ ಜೊತೆಗೆ ಓಲೆಗರಿ ಕಾಯುವ ಸರಸ್ವತೀ ಭಂಡಾರಿಗರು 6 ಮಂದಿ! ಗುರುಗಳೆಷ್ಟೋ ಗ್ರಂಥಪಾಲಕರೂ ಅಷ್ಟೇ. ಈ ಲೆಕ್ಕವನ್ನು ಇಂದಿನ ಯಾವುದಾದರೂ ಕಾಲೇಜಿನ ಆಡಳಿತ ಮಂಡಳಿಯ ಮುಂದೆ ಓದಿ ನೋಡಿ, ಎದ್ದು ಹೋಗಿಬಿಡುತ್ತಾರೆ.

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಇದಕ್ಕೂ ಹಿಂದಿನ ಏರ್ಪಾಡು ಕಾಣುತ್ತದೆ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ರಾತ್ರಿ ದೀಪದ ಎಣ್ಣೆಗೆ 12 ನಿವರ್ತನ ಹೊಲ. ಊರಲ್ಲಿ ಮದುವೆಯಾದರೆ ಶಾಲೆಗೆ ಇಷ್ಟು ಕಾಣಿಕೆ, ಮುಂಜಿಯಾದರೆ ಅದರ ಅರ್ಧ. ಹಾಸ್ಟೆಲಿನ ಕರೆಂಟು ಬಿಲ್ಲಿಗೆ ಹೊಲ ಬಿಟ್ಟುಕೊಟ್ಟ ಹಾಗಾಯಿತು. ಆದರೆ ಈ ಅನ್ನ ಎಲ್ಲರ ತಟ್ಟೆಗೂ ಬೀಳಲಿಲ್ಲ. ಉಂಡವರು, ಓದಿದವರು ಬ್ರಾಹ್ಮಣರ ಹುಡುಗರು. ನಾಗಾವಿಯ ದತ್ತಿಯಾಗಿ ನೂರು ವರ್ಷ ತುಂಬುವಷ್ಟರಲ್ಲಿ ಕಲ್ಯಾಣದಲ್ಲಿ ಬಸವಣ್ಣನವರು ಆ ಪಂಕ್ತಿಯನ್ನೇ ಪ್ರಶ್ನಿಸಿದರು.

ನಿಜಾಮರ ಕಾಲಕ್ಕೆ ಬಂದರೆ ದಾರಿ ಒಂದೇ, ಹೈದರಾಬಾದು. ಅದಕ್ಕೂ ಮೊದಲು ಉರ್ದು ಕಲಿಯಬೇಕು. ಕೋರ್ಟು ಕಚೇರಿ ಎಲ್ಲವೂ ಉರ್ದು. ಭಾಲ್ಕಿಯಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು, ಬಡ ಮಕ್ಕಳಿಗೆ ಮಠದಲ್ಲೇ ಊಟ ವಸತಿ ಕೊಟ್ಟದ್ದು ನಮ್ಮ ಜಿಲ್ಲೆಗೆಲ್ಲ ಗೊತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಪಠ್ಯಗಳನ್ನು ಅನುವಾದಿಸಲೆಂದೇ ದಾರುಲ್ ತರ್ಜುಮಾ ಎಂಬ ಕಚೇರಿ ಇತ್ತು. ವಿದ್ಯಾರ್ಥಿಗಳ ಉಡುಪು ಶೇರ್ವಾನಿ. ನಮ್ಮ ಮುತ್ಯಾ ಹೇಳುತ್ತಿದ್ದ: "ಮನ್ಯಾಗ ಧೋತ್ರ, ಹೈದ್ರಾಬಾದಿಗೆ ಹೋದ್ರ ಶೇರ್ವಾನಿ. ವಕೀಲ ಆಗೂದಂದ್ರ ಮೊದಲ ಅಂಗಿ ಬದಲ್ ಮಾಡೂದಪಾ."

ಹಾಸ್ಟೆಲಿನ ಒಂದು ಕಟ್ಟಳೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು 1938ರ ನವೆಂಬರಿನಲ್ಲಿ ಉಸ್ಮಾನಿಯಾದಲ್ಲೇ ಕಂಡದ್ದು. ಹಿಂದೂ ವಿದ್ಯಾರ್ಥಿಗಳು ಹಾಸ್ಟೆಲಿನ ಪ್ರಾರ್ಥನಾ ಕೋಣೆಯಲ್ಲಿ ವಂದೇ ಮಾತರಂ ಹಾಡಿದರು. ಆಡಳಿತ ಹಾಡಬಾರದೆಂದಿತು. ಹುಡುಗರು ನಿಲ್ಲಿಸಲಿಲ್ಲ. ಹಾಸ್ಟೆಲಿನಿಂದ ಹೊರಹಾಕಿದರು, ಮುಷ್ಕರವಾಯಿತು, ಕಾಲೇಜಿನಿಂದಲೂ ಹೆಸರು ತೆಗೆದರು. ಬಿಸಿ ಗುಲ್ಬರ್ಗಾದ ಇಂಟರ್ಮೀಡಿಯೆಟ್ ಕಾಲೇಜಿಗೂ ತಟ್ಟಿತು. ಊರಿಗೆ ಮರಳಿದರೆ ಅಪ್ಪನ ಮುಂದೆ ಏನು ಹೇಳುವುದು? ಆಗ ಕೈಹಿಡಿದದ್ದು ನಾಗಪುರ ವಿಶ್ವವಿದ್ಯಾಲಯ. ಅದರ ಕುಲಪತಿ ಟಿ.ಜೆ. ಕೇದಾರ್ ಈ ಹುಡುಗರನ್ನು ಸೇರಿಸಿಕೊಂಡರು. ಹಾಗೆ ಹೊರಬಿದ್ದವರಲ್ಲಿ ಪಿ.ವಿ. ನರಸಿಂಹರಾವ್ ಒಬ್ಬರು, ಕಾನೂನು ಪದವಿ ಪಡೆದದ್ದು ನಾಗಪುರದಲ್ಲೇ. ಅದೇ ವರ್ಷ ಡಿಸೆಂಬರಿನಲ್ಲಿ, ಆಗ ಬೀದರ್ ಜಿಲ್ಲೆಯಲ್ಲೇ ಇದ್ದ ಉದಗೀರದ ವಕೀಲ, ಆರ್ಯಸಮಾಜದ ಭಾಯಿ ಶ್ಯಾಮಲಾಲ್ ಬೀದರ್ ಜೈಲಿನಲ್ಲಿ ತೀರಿಕೊಂಡರು. ಕಾನೂನು ಓದಿದವರಿಗೂ ಓದಹೊರಟವರಿಗೂ ಒಂದೇ ಚಳಿಗಾಲದಲ್ಲಿ ಬಿದ್ದ ಪೆಟ್ಟು.

1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ದಾರಿ ಕಲಬುರಗಿಯ ಕಡೆ ತಿರುಗಿತು. ನಾನು ಎಲ್‌ಎಲ್‌ಬಿಗೆ ಸೇರಿದಾಗ ಅಂಕಪಟ್ಟಿ ಧಾರವಾಡದಿಂದ ಬರುತ್ತಿತ್ತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಿಂದ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ. ಮೊಹರು ಬದಲಾಯಿತೇ ಹೊರತು ಊಟದ ಪಾಡು ಬದಲಾಗಲಿಲ್ಲ. ಹಾಸ್ಟೆಲಿನಲ್ಲಿ ಜಾಗ ಸಿಗದ ನಾವು ಬಾಡಿಗೆ ಕೋಣೆ ಹಿಡಿದಿದ್ದೆವು. ಬುತ್ತಿ ಹುಮನಾಬಾದಿನ ಮೇಲೆ ಬಸ್ಸಿನಲ್ಲಿ ಬರುತ್ತಿತ್ತು: ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆದ ಡಬ್ಬಿ, ಅದರೊಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಅವ್ವ ಮಡಚಿಟ್ಟ ಐದು ರೂಪಾಯಿ. ಬಸ್ಸು ತಡವಾದರೆ ಕಾಂಟ್ರ್ಯಾಕ್ಟ್ ಆ್ಯಕ್ಟು ಖಾಲಿ ಹೊಟ್ಟೆಯಲ್ಲಿ.

ಈಗ ಬಾರ್ ಕೌನ್ಸಿಲಿನ 2008ರ ನಿಯಮದಂತೆ 70 ಪ್ರತಿಶತ ಹಾಜರಿ ಕಡ್ಡಾಯ. ಅದೇ ನಿಯಮಗಳಲ್ಲಿ ಗ್ರಂಥಾಲಯವನ್ನು ರಾತ್ರಿ 10ರವರೆಗೆ ತೆರೆದಿಡಲು ಅವಕಾಶವೂ ಇದೆ. ಮೊದಲನೆಯದನ್ನು ಕಾಲೇಜುಗಳು ಗೋಡೆಗೆ ಅಂಟಿಸುತ್ತವೆ, ಎರಡನೆಯದನ್ನು ಮರೆಯುತ್ತವೆ. ಹತ್ತಿರ ವಸತಿಯಿಲ್ಲದೆ, ಕೊನೆಯ ಬಸ್ಸು ಹಿಡಿಯುವ ಹಳ್ಳಿಯ ಹುಡುಗಿಗೆ ಹಾಜರಿಯೂ ಕಷ್ಟ, ಗ್ರಂಥಾಲಯವೂ ದೂರ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಸೀಟು ಕೊಡಿಸಿತು, ಮಂಚ ಕೊಡಿಸಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಉಸ್ಮಾನಿಯಾ ಹಾಸ್ಟೆಲಿನ ರಸೀದಿ, ನಾಗಪುರದಿಂದ ಬಂದ ಕಾಗದ, ಹಳೇ ವಕೀಲರ ಶೇರ್ವಾನಿ ತೊಟ್ಟ ಫೋಟೋ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಬಸವಕಲ್ಯಾಣದ ವಕೀಲರ ಸಂಘಕ್ಕೆ ಒಂದು ನಕಲನ್ನಾದರೂ ಕೊಡಿ.