ವಿದ್ಯಾಲಯದ ಕಟ್ಟಡವೂ ಅದರ ಜೀರ್ಣೋದ್ಧಾರವೂ

ಪ್ರಾಚೀನ ದಾನಶಾಸನಗಳನ್ನು ಓದುವವರು ಸಾಮಾನ್ಯವಾಗಿ ಅರಸನ ವಂಶಾವಳಿಯನ್ನೂ ದಾನಿಯ ಬಿರುದುಗಳನ್ನೂ ಗಮನಿಸಿ ಮುಂದೆ ಸಾಗುವರು. ನಡುವೆ ಬರುವ ಒಂದು ಚಿಕ್ಕ ಮಾತಿನ ಮೇಲೆ ಅವರ ದೃಷ್ಟಿ ನಿಲ್ಲುವುದು ಅಪೂರ್ವ. ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬುದೇ ಆ ಮಾತು. ಮುರಿದುದನ್ನು ಕೂಡಿಸಲು, ಬಿರಿದುದನ್ನು ಮುಚ್ಚಲು, ಹಳತಾದುದನ್ನು ಹೊಸತುಮಾಡಲು ಇಂತಿಷ್ಟು ಭೂಮಿ ಎಂದು ಅದರ ತಾತ್ಪರ್ಯ. ಕಟ್ಟಿಸುವ ದಿನದಂದೇ ಕೆಡುವ ದಿನವನ್ನು ನೆನೆದು ಅದಕ್ಕೂ ಉಂಬಳಿ ಬಿಟ್ಟ ಈ ದೂರದೃಷ್ಟಿಯು ಕನ್ನಡನಾಡಿನ ದೇವಾಲಯಗಳ, ಮಠಗಳ, ವಿದ್ಯಾಸ್ಥಾನಗಳ ಇತಿಹಾಸದಲ್ಲಿ ವಿಶೇಷ ವಿಚಾರಕ್ಕೆ ಅರ್ಹವಾಗಿದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಸ್ತಂಭಶಾಸನವು ಇದಕ್ಕೆ ಉತ್ತಮ ನಿದರ್ಶನ. ಶಕವರ್ಷ 867, ಎಂದರೆ ಕ್ರಿ. ಶ. 945ರಲ್ಲಿ, ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ತ್ರೈಪುರುಷರ ಹೆಸರಿನಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ಸೇರಿದುದರಿಂದ ಅವರ ವಾಸಕ್ಕಾಗಿ 27 ಮನೆಗಳು ಏರ್ಪಟ್ಟವು. ಕೇವಲ ದೀಪಕ್ಕಾಗಿಯೇ 12 ನಿವರ್ತನ ಭೂಮಿಯು ಬಿಡಲ್ಪಟ್ಟಿತು. ಇದರ ಹೊರತಾಗಿ ಊರಿನವರು ತಮ್ಮ ಮನೆಯ ಮದುವೆಗೆ 5 ನಾಣ್ಯಗಳನ್ನೂ ಉಪನಯನಕ್ಕೆ ಎರಡೂವರೆ ನಾಣ್ಯಗಳನ್ನೂ ಶಾಲೆಗೆ ಸಲ್ಲಿಸಬೇಕೆಂದು ಕಟ್ಟುಮಾಡಿದರು. ವಾಚಕರು ಇಲ್ಲಿಯ ಏರ್ಪಾಟನ್ನು ಸೂಕ್ಷ್ಮವಾಗಿ ಪರಿಶೀಲಿಸಬೇಕು. ಭವನವು ಮಂತ್ರಿಯ ಕೊಡುಗೆ. ಒಮ್ಮೆ ಕೊಟ್ಟರೆ ಮುಗಿಯಿತು. ದೀಪದ ಎಣ್ಣೆಯಾದರೋ ದಿನದಿನವೂ ಬೇಕು. ಆದುದರಿಂದ ಅದಕ್ಕೆ ವರ್ಷವರ್ಷವೂ ಬೆಳೆ ಕೊಡುವ ಭೂಮಿ. ಮದುವೆ ಮುಂಜಿಗಳ ಕಾಣಿಕೆಯಿಂದಲಾದರೋ ಶಾಲೆಯು ಮಂತ್ರಿಯದಾಗಿ ಉಳಿಯದೆ ಊರಿನದಾಯಿತು. ಶುಭಕಾರ್ಯ ನಡೆದ ಪ್ರತಿಯೊಂದು ಮನೆಯೂ ಅದನ್ನು ನೆನೆಯುವಂತಾಯಿತು. ಒಬ್ಬ ಧನಿಕನ ದೊಡ್ಡ ದಾನಕ್ಕಿಂತ ಈ ಚಿಕ್ಕ ಕಾಣಿಕೆಯೇ ಬಲವಾದ ಆಧಾರವೆಂದು ಹೇಳಬಹುದು.

ಇಷ್ಟಾದರೂ ಆ ಭವನವು ಬಿದ್ದುಹೋಯಿತು. ನೂರಕ್ಕೂ ಮಿಕ್ಕಿದ ವರ್ಷಗಳು ಕಳೆದ ಮೇಲೆ, ಹನ್ನೊಂದನೆಯ ಶತಮಾನದಲ್ಲಿ, ಅಲ್ಲಿಯ ಮಾಂಡಲಿಕನೊಬ್ಬನು ಅದನ್ನು ಮತ್ತೆ ಎತ್ತಿಸಿದನು. ರಾಷ್ಟ್ರಕೂಟರ ರಾಜ್ಯವು ಆ ವೇಳೆಗೆ ಅಳಿದು ಕಲ್ಯಾಣದ ಚಾಲುಕ್ಯರ ಆಳಿಕೆ ನಡೆದಿತ್ತು. ರಾಜವಂಶ ಅಳಿದರೂ ಶಾಲೆಯ ನೆನಪು ಅಳಿಯಲಿಲ್ಲವೆಂಬುದು ಸಾಮಾನ್ಯ ಸಂಗತಿಯಲ್ಲ.

ಇನ್ನು ಚಿತ್ತಾಪುರದ ಸಮೀಪದ ನಾಗಾವಿ. ಅಲ್ಲಿ ಕ್ರಿ. ಶ. 1058ರಲ್ಲಿ, ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ದಂಡನಾಯಕ ಮಧುಸೂದನನು ಘಟಿಕಾಸ್ಥಾನವನ್ನು ಸ್ಥಾಪಿಸಿದನು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು ಅಲ್ಲಿದ್ದರು. ಉಪಾಧ್ಯಾಯರಿಗೆ ವೃತ್ತಿಗಳಿದ್ದಂತೆಯೇ 6 ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿಗಳಿದ್ದವು. ತಾಳೆಗರಿಯು ಗಾಳಿಗೆ, ತೇವಕ್ಕೆ, ಹುಳುವಿಗೆ ಬೇಗನೆ ತುತ್ತಾಗುವ ವಸ್ತು. ಎಣ್ಣೆ ಸವರಿ ಬಿಸಿಲು ಕಾಣಿಸದೆ, ಸವೆದುದನ್ನು ಕಾಲಕಾಲಕ್ಕೆ ಪ್ರತಿಮಾಡದೆ ಅದು ಉಳಿಯದು. ಇಂದು ಗ್ರಂಥಾಲಯಕ್ಕೆ ಒಬ್ಬ ಗುಮಾಸ್ತನನ್ನು ನೇಮಿಸಲು ಹಿಂದುಮುಂದು ನೋಡುವ ಆಡಳಿತ ಮಂಡಲಿಗಳು ಈ ಆರರ ಸಂಖ್ಯೆಯನ್ನು ಗಮನಿಸುವುದು ಒಳ್ಳೆಯದು.

ಆದರೆ ಒಂದು ನ್ಯೂನತೆಯನ್ನು ಮರೆಮಾಡಬಾರದು. ಈ ಅಗ್ರಹಾರ ಘಟಿಕೆಗಳ ಬಾಗಿಲು ಒಂದು ವರ್ಣದವರಿಗೆ ಮಾತ್ರ ತೆರೆದಿತ್ತು. ಕಲ್ಯಾಣದ ಶರಣರು ಕಾಯಕ ದಾಸೋಹಗಳ ತತ್ತ್ವವನ್ನು ಸಾರಿ ಜ್ಞಾನವನ್ನು ಜನರ ನುಡಿಗೆ ಇಳಿಸಿದ ಬಳಿಕವೇ ಒಕ್ಕಲಿಗನ ಮಗನೂ ನೇಕಾರನ ಮಗನೂ ಅಕ್ಷರದ ಹತ್ತಿರ ಬರುವಂತಾಯಿತು. ಮಠದ ದಾಸೋಹವೂ ಅದರ ಬದಿಯ ಪಾಠಶಾಲೆಯೂ ಆ ಪರಂಪರೆಯ ಫಲಗಳು.

ಆಧುನಿಕ ಕಾಲೇಜುಗಳ ಕಥೆಗೆ ಬಂದರೆ ಧಾರವಾಡವನ್ನು ಮೊದಲು ಸ್ಮರಿಸಬೇಕು. ಅಲ್ಲಿ 1883ರಲ್ಲಿಯೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ಆದರೆ ಉಚ್ಚ ಶಿಕ್ಷಣಕ್ಕೆ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪರಿಶ್ರಮದಿಂದ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕೆ ದೊರೆತ ಭವ್ಯ ಕಟ್ಟಡವು ವಿದ್ಯೆಗೆಂದು ಕಟ್ಟಿದುದಲ್ಲ. ಸದರ್ನ್ ಮರಾಠಾ ರೇಲ್ವೆ ಕಂಪನಿಯ ಮುಖ್ಯ ಕಚೇರಿ ಅದು. 1908ರಲ್ಲಿ ಆ ಕಂಪನಿಯು ಮದ್ರಾಸ್ ರೇಲ್ವೆಯೊಡನೆ ಕೂಡಿಹೋಗಿ ಮುಖ್ಯ ಕಚೇರಿಯು ಮದ್ರಾಸಿಗೆ ತೆರಳಿತು. ಲೆಕ್ಕದ ಪುಸ್ತಕಗಳಿದ್ದ ಕೋಣೆಗಳಲ್ಲಿ ಕಾವ್ಯವೂ ಗಣಿತವೂ ಪಾಠವಾಗತೊಡಗಿದವು. ಕಟ್ಟಡವನ್ನು ಪಡೆಯುವುದರಲ್ಲಿ ಹೊಸತನ್ನು ಕಟ್ಟುವುದೊಂದೇ ಮಾರ್ಗವಲ್ಲವೆಂಬುದನ್ನು ಧಾರವಾಡದ ಹಿರಿಯರು ಹೀಗೆ ತೋರಿಸಿಕೊಟ್ಟರು.

ಕಾಲೇಜಿನ ಗೋಡೆಗಳಿಂದಲೇ ವಿದ್ಯಾರ್ಥಿಯ ಹೊಟ್ಟೆ ತುಂಬದು. ಊಟವಸತಿಯ ಚಿಂತೆಯನ್ನು ಹೊತ್ತವರು ಮಠಾಧೀಶರು. ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯವು ಅನೇಕ ಬಡ ಹುಡುಗರಿಗೆ ಆಶ್ರಯವಾಯಿತು. ಇದು ಸಾಲೋಟಗಿಯ 27 ಮನೆಗಳ ಕಾರ್ಯವೇ ಸರಿ. ಭೂಮಿಯ ಉಂಬಳಿಗೆ ಬದಲಾಗಿ ಭಕ್ತರ ಕಾಣಿಕೆ ಇಲ್ಲಿ ಆಧಾರವಾಯಿತು.

ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರದ ಮೂಲಕ ಬಿಟ್ಟುಹೋಗಿದ್ದರು. ಆಸ್ತಿಯನ್ನು ಒಮ್ಮೆಗೇ ಕಲ್ಲು ಗಾರೆಗಳಿಗೆ ಸುರಿಯದೆ ಅದರ ಉತ್ಪನ್ನವು ಮುಂದಿನ ತಲೆಮಾರಿಗೂ ಸಲ್ಲುವಂತೆ ಮಾಡುವುದೇ ಇಂಥ ನಿಧಿಗಳ ಮರ್ಮ. 1947ರಲ್ಲಿ ಭೂಮರಡ್ಡಿಯವರ ದಾನದಿಂದ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು.

ಕೃಷ್ಣಾ ತುಂಗಭದ್ರೆಗಳ ನಡುವಣ ಕವಿತಾಳ, ಮಾನ್ವಿ, ದೇವದುರ್ಗಗಳ ಸ್ಥಿತಿಯೇ ಬೇರೆ. ಈ ಪ್ರಾಂತವು ನಿಜಾಮರ ಆಳಿಕೆಯಲ್ಲಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯು ಉರ್ದುವಿನಲ್ಲಿ ನಡೆಯುತ್ತಿತ್ತು. 1939ರಲ್ಲಿ ಅದರ ಕಲಾ ಕಾಲೇಜಿನ ಮಹಾಸೌಧವು ಸಿದ್ಧವಾಯಿತು. ಗ್ರಾನೈಟ್ ಶಿಲೆಯ ಆ ಸೌಧವನ್ನು ಯಾರೂ ಕೊಂಡಾಡದಿರಲಾರರು. ಆದರೆ ಕವಿತಾಳದ ಕನ್ನಡ ಹುಡುಗನಿಗೆ ಅದು ದೂರದಿಂದಲೂ ದೂರ, ನುಡಿಯಿಂದಲೂ ದೂರ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಕನ್ನಡ ಜಿಲ್ಲೆಗಳು ಒಂದುಗೂಡಿದ ಮೇಲೆ 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ನೇತೃತ್ವದಲ್ಲಿ ಕಲಬುರ್ಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು ಸ್ಥಾಪಿತವಾಯಿತು. ಅದೇ ವರ್ಷ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರ ನಾಮಧೇಯವಿದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ವತಂತ್ರವಾಗಿ ನಿಂತಿತು.

ಈ ಪ್ರಾಂತದಲ್ಲಿ ಕಟ್ಟಿಸುವವರಿಗೆ ಭೂಮಿಯೇ ಮೊದಲ ಪರೀಕ್ಷಕ. ಕವಿತಾಳದ ಸುತ್ತಿನ ಎರೆಮಣ್ಣು ಮಳೆಗೆ ಉಬ್ಬುವುದು, ಬೇಸಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುವುದು. ಜೋಳಕ್ಕೂ ಹತ್ತಿಗೂ ಅದು ತಾಯಿ. ಗೋಡೆಗೆ ಮಾತ್ರ ಶತ್ರು. ತಳಪಾಯವನ್ನು ಎರೆಯ ಕೆಳಗಿನ ಗಟ್ಟಿ ಮೊರಮಿನವರೆಗೆ ಇಳಿಸದೆ, ಅಗೆದ ಎರೆಯನ್ನೇ ಮತ್ತೆ ಒಳಗೆ ತುಂಬಿದರೆ ಕೆಲವೇ ವರ್ಷಗಳಲ್ಲಿ ಕಿಟಕಿಯ ಮೂಲೆಗಳಿಂದ ಓರೆಯಾದ ಬಿರುಕುಗಳು ಹೊರಡುವುವು. 1953ರಿಂದ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿಯತೊಡಗಿದ ಮೇಲೆ ನೀರಾವರಿಯ ತಗ್ಗು ಭೂಮಿಗಳಲ್ಲಿ ಜವುಳೂ ಸವುಳೂ ಸೇರಿಕೊಂಡವು. ಸವುಳು ಏರಿದ ಗೋಡೆಯ ಗಾರೆಯು ಪುಡಿಪುಡಿಯಾಗಿ ಉದುರುವುದು.

ಹಳೆಯ ಕಾಲದ ಮನೆಯವರಿಗೆ ಇದೆಲ್ಲ ತಿಳಿಯದುದೇನಲ್ಲ. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ತುಳಿಯುವುದು, ಹರನಾಳಿಗೆಯನ್ನು ಬಿಡಿಸುವುದು, ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂದು ಬಡಿದು ನೋಡುವುದು, ಇವು ಬಿತ್ತನೆಯಂತೆಯೇ ಕಾಲ ತಪ್ಪದ ಕೆಲಸಗಳಾಗಿದ್ದವು. ಸಿಮೆಂಟಿನ ಛಾವಣಿ ಬಂದಂದಿನಿಂದ, ಇದು ಎಂದಿಗೂ ಕೆಡದೆಂಬ ಭ್ರಾಂತಿಯು ಹಬ್ಬಿತು. ವಾಸ್ತವದಲ್ಲಿ ಛಾವಣಿಯ ಮೇಲೆ ನೀರು ನಿಂತರೆ ಅದು ಒಳಗಿನ ಕಬ್ಬಿಣದವರೆಗೆ ಜಿನುಗುವುದು. ಕಬ್ಬಿಣವು ತುಕ್ಕುಹಿಡಿದು ಉಬ್ಬಿ ಗಾರೆಯನ್ನು ಕೆಳಕ್ಕೆ ದೂಡುವುದು. ಹುಡುಗರ ತಲೆಯ ಮೇಲೆ ಚಕ್ಕೆ ಬಿದ್ದ ಮೇಲೆ ಆಡಳಿತ ಮಂಡಲಿಯವರು ಎಚ್ಚರಗೊಂಡು ಪ್ರಯೋಜನವೇನು? ಶಂಕುಸ್ಥಾಪನೆಗೆ ಮಂತ್ರಿಗಳು ಬರುವರು, ಉದ್ಘಾಟನೆಗೆ ಕಲ್ಲು ನೆಡುವರು. ಹರನಾಳಿಗೆಯನ್ನು ತೆಗೆಸಿದವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ದಾನಿಗಳೂ ಕೋಣೆಗೊಂದು ಹೆಸರು ಬಯಸುವರೇ ಹೊರತು ಸುಣ್ಣಕ್ಕೆ, ಬಾವಿಯ ಹೂಳಿಗೆ, ಶೌಚಗೃಹದ ನೀರಿಗೆ ಕೊಡುವವರು ವಿರಳ. ವಿದ್ಯಾರ್ಥಿನಿಯರು ಶಾಲೆ ಬಿಡುವುದಕ್ಕೆ ಈ ಕೊನೆಯದರ ಕೊರತೆಯೂ ಒಂದು ಕಾರಣವೆಂಬುದನ್ನು ಅನೇಕರು ನಾಚಿಕೆಯಿಂದ ಹೇಳದೆ ಬಿಡುವರು.

ಸಾಲೋಟಗಿಯ ಊರಿನವರಲ್ಲಾದರೋ ಆ ನಾಚಿಕೆ ಇರಲಿಲ್ಲ. ದೀಪದ ಎಣ್ಣೆಯ ಭೂಮಿಯನ್ನೂ ಮದುವೆಯ ಐದು ನಾಣ್ಯಗಳನ್ನೂ ಅವರು ಚಕ್ರವರ್ತಿಯ ಹೆಸರಿರುವ ಅದೇ ಕಂಬದ ಮೇಲೆ ಕೆತ್ತಿಸಿದರು. ಎರಡು ಸಲ ಎದ್ದ ಆ ಶಾಲೆಯ ವಿಷಯವು ಇಂದು ತಿಳಿದಿರುವುದು ಆ ಕಂಬದಿಂದಲೇ.