‘ನಂಬರ್ ಪ್ಲೀಸ್’ ಅಂದವರು ಎಲ್ಲಿ ಹೋದರು?

ನಮ್ಮ ದೊಡ್ಡಮ್ಮ ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಬೇರೆ ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲೂ ದರ್ಜೆಗಳಿದ್ದವು. ಯಾರ ಕರೆಗೆ ನಿಜವಾಗಿಯೂ ಅವಸರವಿದೆ ಅನ್ನೋದು ದನಿಯಲ್ಲೇ ಗೊತ್ತಾಗುತ್ತಿತ್ತು ಎಂದು ದೊಡ್ಡಮ್ಮ ಹೇಳುತ್ತಿದ್ದರು. ಎಸ್‌ಟಿಡಿ ಬಂತು. ಸರ್ಕಾರಿ ನೌಕರಿಯಾದ್ದರಿಂದ ಸಂಬಳ ನಿಲ್ಲಲಿಲ್ಲ. ಅವರನ್ನು ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ಕೆಲಸ ಉಳಿಯಿತು, ಕಸುಬು ಹೋಯಿತು.

ಇದು ನೆನಪಾದದ್ದು ಅಣ್ಣನ ಮಗಳಿಂದ. ಅವಳು ಬೆಂಗಳೂರಿನ ಒಂದು ದೊಡ್ಡ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿ ಎರಡು ವರ್ಷ. “ಟೆಸ್ಟ್ ಕೇಸ್ ಬರೆಯೋದು, ಓಡಿಸೋದು, ರಿಪೋರ್ಟ್ ಮಾಡೋದು ಎಲ್ಲಾ ಈಗ ಏಜೆಂಟೇ ಮಾಡುತ್ತೆ ಚಿಕ್ಕಪ್ಪ. ನಾನು ನೋಡಿ ಓಕೆ ಅನ್ನಬೇಕು ಅಷ್ಟೆ. ಈ ವರ್ಷ ನಮ್ಮ ಟೀಮಿಗೆ ಹೊಸಬರನ್ನ ತಗೊಂಡೇ ಇಲ್ಲ” ಎಂದಳು. ನಾನು ದೊಡ್ಡಮ್ಮನ ಕಥೆ ಹೇಳಿದೆ. “ಆ ಅಜ್ಜಿಗೇನೋ ಸಂಬಳ ಬಂತು. ಉಳಿದೋರು ಏನಾದ್ರು?” ಅಂತ ಕೇಳಿದಳು. ಉತ್ತರ ಹುಡುಕುತ್ತಾ ಅಮೆರಿಕದ ಚರಿತ್ರೆಗೆ ಹೋದೆ.

ಟೆಲಿಫೋನ್ ಶುರುವಾದಾಗ ಸ್ವಿಚ್‌ಬೋರ್ಡಿನ ಮುಂದೆ ಹುಡುಗರಿದ್ದರು. ಅವರ ಒರಟು ಮಾತಿಗೆ ಗಿರಾಕಿಗಳು ಬೇಸತ್ತರು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಮೊದಲ ಮಹಿಳಾ ಆಪರೇಟರ್ ಆಗಿ ಸೇರಿದರು. ಮುಂದಿನ ಕೆಲವು ದಶಕಗಳಲ್ಲಿ ಅದು ಹೆಣ್ಣುಮಕ್ಕಳದೇ ಕೆಲಸವಾಯಿತು. 1920ರ ಹೊತ್ತಿಗೆ ಅಮೆರಿಕದ ಎಳೆಯ ಹೆಣ್ಣುಮಕ್ಕಳು ಹೆಚ್ಚಾಗಿ ಸೇರುತ್ತಿದ್ದ ನೌಕರಿಗಳಲ್ಲಿ ಅದೂ ಒಂದಾಗಿತ್ತು.

ಆದರೆ ಅವರ ಜಾಗಕ್ಕೆ ಬರಬೇಕಾದ ಯಂತ್ರ ಅಷ್ಟರಲ್ಲಾಗಲೇ ಹುಟ್ಟಿತ್ತು. ಆಲ್ಮನ್ ಸ್ಟ್ರೌಜರ್ ಎಂಬಾತ ಹೆಣ ಮಣ್ಣುಮಾಡುವ ವ್ಯವಹಾರದವನು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಗೆ ಕೊಡುತ್ತಿದ್ದಾಳೆ ಎಂಬ ಅನುಮಾನದಿಂದಲೇ ಅವನು ಆಪರೇಟರ್ ಬೇಡದ ಯಂತ್ರ ಮಾಡಿದ ಎಂದು ಕಥೆ. 1891ರಲ್ಲಿ ಪೇಟೆಂಟ್ ಸಿಕ್ಕಿತು, 1892ರಲ್ಲಿ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ತೆರೆಯಿತು. ಆದರೂ ದೈತ್ಯ ಬೆಲ್ ಕಂಪನಿ ಆ ದಾರಿಗೆ ಗಂಭೀರವಾಗಿ ಬಂದದ್ದು 1919ರಲ್ಲಿ. ಅದರ ಕೊನೆಯ ಕೈಚಾಲಿತ ಎಕ್ಸ್‌ಚೇಂಜ್ ಮುಚ್ಚಿದ್ದು 1978ರಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಟಲೀನಾ ದ್ವೀಪದಲ್ಲಿ.

ಇಷ್ಟು ತಡ ಯಾಕೆ? ಯಂತ್ರ ತಂದು ಇಟ್ಟರೆ ಸಾಲದು. ಮನೆಮನೆಗೆ ಡಯಲ್ ಇರುವ ಫೋನು ಬೇಕು, ನಂಬರುಗಳು ಬದಲಾಗಬೇಕು, ಡೈರೆಕ್ಟರಿ ಹೊಸದಾಗಿ ಅಚ್ಚಾಗಬೇಕು, ಬಿಲ್ಲು ಹಾಕುವ ರೀತಿ ಬದಲಾಗಬೇಕು, ಡಯಲ್ ತಿರುಗಿಸುವುದನ್ನು ಜನಕ್ಕೆ ಕಲಿಸಬೇಕು. ದೊಡ್ಡ ಸಂಸ್ಥೆಯಲ್ಲಿ ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಇಂದಿನ ಕಂಪನಿಗಳಲ್ಲಿ ಏಜೆಂಟುಗಳು ಡೆಮೋದಲ್ಲಿ ಮಿಂಚಿ ಕಚೇರಿಯಲ್ಲಿ ಎಡವುವುದಕ್ಕೂ ಬಹುಶಃ ಇದೇ ಕಾರಣ.

ಆ ಹೆಣ್ಣುಮಕ್ಕಳು ಏನಾದರು? ಜೇಮ್ಸ್ ಫೈಗೆನ್‌ಬಾಮ್ ಮತ್ತು ಡೇನಿಯಲ್ ಗ್ರಾಸ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಜನಗಣತಿಯ ದಾಖಲೆಗಳಲ್ಲಿ ಅವರನ್ನು ಹುಡುಕಿದರು. ಸಿಕ್ಕ ಉತ್ತರ ಎರಡು ಬಗೆಯದು. ಆಗ ಬೋರ್ಡಿನ ಮುಂದೆ ಕೂತಿದ್ದವರಲ್ಲಿ ಹಲವರು ಹತ್ತು ವರ್ಷದ ನಂತರ ಕೆಲಸದಲ್ಲೇ ಇರಲಿಲ್ಲ, ಇದ್ದವರಲ್ಲಿ ಅನೇಕರು ಕಡಿಮೆ ಸಂಬಳಕ್ಕೆ ಇಳಿದಿದ್ದರು. ಆದರೆ ಅವರ ಹಿಂದೆ ಬಂದ ತಲೆಮಾರು ಕೆಡಲಿಲ್ಲ. ಆ ಹುಡುಗಿಯರಿಗೆ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ಬೇರೆ ಕೆಲಸ ಸಿಕ್ಕಿತು. ಪೆಟ್ಟು ಬಿದ್ದದ್ದು ಕಲಿತು ಮುಗಿಸಿದ್ದವರಿಗೆ.

ಈಗ ಲೆಕ್ಕ ತಲೆಕೆಳಗಾಗಿರುವಂತೆ ಕಾಣುತ್ತದೆ. ಏಜೆಂಟ್ ಎಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುವ ತಂತ್ರಾಂಶವಲ್ಲ. ಗುರಿ ಹೇಳಿದರೆ ಅದನ್ನು ಹಂತಹಂತವಾಗಿ ಒಡೆದುಕೊಂಡು, ಬೇಕಾದ ಕಡತ ತೆರೆದು, ಬೇರೆ ತಂತ್ರಾಂಶಗಳನ್ನು ನಡೆಸಿ ಕೆಲಸ ಮುಗಿಸಲು ನೋಡುತ್ತದೆ. ದೊಡ್ಡ ಕಂಪನಿಗಳಲ್ಲಿ ಹೊಸಬರಿಗೆ ಕೊಡುತ್ತಿದ್ದ ಚಿಲ್ಲರೆ ಕೆಲಸಗಳೇ ಮೊದಲು ಅದರ ಕೈಗೆ ಹೋಗುತ್ತಿವೆ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆರಿಕದ ವೇತನ ದಾಖಲೆಗಳನ್ನು ನೋಡಿದರು. ಎಐಗೆ ಹೆಚ್ಚು ಒಡ್ಡಿಕೊಂಡ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇಕಡ 13ರಷ್ಟು ಕುಗ್ಗಿತ್ತು. ಅನುಭವಸ್ಥರು ಅಷ್ಟಾಗಿ ಅಲುಗಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅಧ್ಯಯನ ಇಟ್ಟರೆ ಗೊಂದಲ ಹೆಚ್ಚುತ್ತದೆ. ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ನೌಕರರಿಗೆ ಎಐ ಸಹಾಯಕ ಕೊಟ್ಟಾಗ ಕೆಲಸದ ವೇಗ ಸರಾಸರಿ ಶೇಕಡ 14ರಷ್ಟು ಏರಿತು, ಹೊಸಬರಿಗೆ ಶೇಕಡ 34ರಷ್ಟು. ಕಾರಣ, ಆ ಸಹಾಯಕ ನುರಿತವರ ಹಳೆಯ ಸಂಭಾಷಣೆಗಳಿಂದ ಕಲಿತು ಹೊಸಬರ ಕಿವಿಯಲ್ಲಿ ಪಿಸುಗುಟ್ಟುತ್ತಿತ್ತು. ಅಂದರೆ ದೊಡ್ಡಮ್ಮನಂಥವರ ವರ್ಷಗಳ ಅನುಭವ ಯಂತ್ರದ ಮೂಲಕ ಮೊದಲ ದಿನವೇ ಕೈಗೆ ಬರಬಹುದು. ಆದರೆ ಯಾರನ್ನೂ ಕೆಲಸಕ್ಕೇ ತೆಗೆದುಕೊಳ್ಳದಿದ್ದರೆ ಅದು ಬರುವುದು ಯಾರ ಕೈಗೆ?

ಕಂಪನಿಗಳೂ ತಡವರಿಸುತ್ತಿವೆ. ಸ್ವೀಡನ್ನಿನ ಕ್ಲಾರ್ನಾ 2024ರಲ್ಲಿ ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು ಸಾರಿತು. ಮರುವರ್ಷ ಗುಣಮಟ್ಟ ಇಳಿದದ್ದನ್ನು ಒಪ್ಪಿಕೊಂಡು ಗ್ರಾಹಕ ಸೇವೆಗೆ ಮತ್ತೆ ಮನುಷ್ಯರನ್ನು ಕರೆಯತೊಡಗಿತು.

ಅಣ್ಣನ ಮಗಳಿಗೆ ಇಷ್ಟನ್ನೂ ಹೇಳಿದೆ. ನನ್ನ ಆತಂಕ ಒಂದೇ: ಓಕೆ ಅನ್ನಬೇಕಾದವರು ಒಂದು ಕಾಲದಲ್ಲಿ ತಾವೇ ಮಾಡಿ, ತಪ್ಪಿ, ಬೈಸಿಕೊಂಡು ಕಲಿತಿರಬೇಕು. ಆ ತಪ್ಪುವ ಜಾಗವೇ ಇಲ್ಲದಿದ್ದರೆ ಹತ್ತು ವರ್ಷದ ನಂತರ ಯಂತ್ರದ ತಪ್ಪು ಹಿಡಿಯುವವರು ಯಾರು?

ಅವಳು ಏನೂ ಹೇಳಲಿಲ್ಲ. ಮೂರು ವಾರ ಬಿಟ್ಟು ಫೋನ್ ಮಾಡಿದಳು. ಈಗ ಏಜೆಂಟಿನ ಪಟ್ಟಿ ತೆರೆಯುವ ಮೊದಲು ತನ್ನದೊಂದು ಪಟ್ಟಿ ಬರೆದಿಡುತ್ತಾಳಂತೆ. “ನನಗೆ ಹೊಳೆಯದೇ ಇದ್ದದ್ದು ಅದರಲ್ಲಿ ಆರು ಇತ್ತು. ನನ್ನದರಲ್ಲಿ ಇದ್ದು ಅದರಲ್ಲಿ ಇಲ್ಲದ್ದು ಒಂದೇ: ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಫಾರ್ಮಿನಲ್ಲಿ ಒತ್ತಕ್ಷರ ಒಡೆದುಹೋಗುತ್ತಿತ್ತು.” ಪಟ್ಟಿ ಬರೆಯಲು ದಿನಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಟೈಮ್‌ಶೀಟಿನಲ್ಲಿ ಯಾವ ಹೆಸರಿನಲ್ಲಿ ತೋರಿಸಬೇಕೋ ಅವಳಿಗೆ ಇನ್ನೂ ಗೊತ್ತಾಗಿಲ್ಲ.