ಕಂಪಿಲಿಯ ಅರಸ ಕೊಟ್ಟ ಅಭಯ

ಹಂಪೆಗೆ ಬರುವ ಯಾತ್ರಿಕರು ವಿರೂಪಾಕ್ಷನ ದರ್ಶನ ಮಾಡಿ, ವಿಠಲನ ಗುಡಿಯ ಕಲ್ಲಿನ ರಥವನ್ನು ಕಂಡು, ಹೊಸಪೇಟೆಯ ಹಾದಿ ಹಿಡಿಯುತ್ತಾರೆ. ಅಲ್ಲಿಂದ ಈಶಾನ್ಯಕ್ಕೆ, ತುಂಗಭದ್ರೆಯ ದಡದ ಕಂಪ್ಲಿಯತ್ತ ಹೊರಳುವವರು ವಿರಳ. ಅಲ್ಲಿ ಹಂಪೆಯ ವೈಭವವಿಲ್ಲ, ನಿಜ. ಹಳೆಯ ಕೋಟೆಯಿದೆ, ಹೊಳೆಯಿದೆ, ಬತ್ತದ ಗದ್ದೆಗಳಿವೆ. ಆದರೆ ಉಳಿದ ಕಲ್ಲುಗಳಿಂದಲೇ ರಾಜಧಾನಿಯೊಂದರ ಹಿರಿಮೆಯನ್ನು ಅಳೆಯಲಾದೀತೆ?

ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಚಾಲುಕ್ಯರ ಅರಮನೆಯಿದ್ದಿತು. ಅದನ್ನು ಕೆಡವಿದ ಹೆಮ್ಮೆಯನ್ನು ಚೋಳ ರಾಜಾಧಿರಾಜನ ಶಾಸನಗಳು ಕೊಚ್ಚಿಕೊಂಡಿವೆ. ಮುಂದೆ ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲರಾಯ ಈ ಸೀಮೆಯನ್ನಾಳಿದ. ಗಂಗಾವತಿಯ ಬಳಿಯ ಕುಮ್ಮಟದುರ್ಗ ಅವನ ಬಲವಾದ ನೆಲೆ.

ಆಗ ಸಗರದಲ್ಲಿ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪನೆಂಬವನು ತನ್ನ ಸಮೀಪ ಬಂಧುವೇ ಆದ ದೆಹಲಿಯ ಮಹಮ್ಮದ್ ಬಿನ್ ತುಘಲಖನಿಗೆ ತಿರುಗಿಬಿದ್ದ. ಸೋತು ಓಡಿಬಂದು ಕಂಪಿಲನ ಮರೆಹೊಕ್ಕ. ಒಪ್ಪಿಸಿದ್ದರೆ ರಾಜ್ಯ ಉಳಿಯುತ್ತಿತ್ತೇನೋ, ಕಂಪಿಲ ಒಪ್ಪಿಸಲಿಲ್ಲ. 1327ರ ವೇಳೆಗೆ ಕುಮ್ಮಟ ಬಿದ್ದಿತು. ಹೊಸದುರ್ಗದಲ್ಲಿ ಮುತ್ತಿಗೆ ಬಿಗಿದಾಗ ಅರಸನು ಅತಿಥಿಯನ್ನು ದ್ವಾರಸಮುದ್ರದ ಬಲ್ಲಾಳನ ಬಳಿಗೆ ಕಳುಹಿಸಿದ. ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರು. ಅರಸನು ಹೊರಬಿದ್ದು ಕಾದಿ ಮಡಿದ. ಈ ಸಂಗತಿಯನ್ನು ಅರಬ್ಬೀ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ.

ಬಲ್ಲಾಳನು ಮರೆಹೊಕ್ಕವನನ್ನು ಹಿಡಿದೊಪ್ಪಿಸಿದ. ಸುಲ್ತಾನನು ಅವನ ಚರ್ಮ ಸುಲಿಸಿದ. ಸುಮಾರು ಹದಿನೈದು ವರ್ಷಗಳ ಬಳಿಕ ಮಧುರೆಯ ಸುಲ್ತಾನನ ಸೆರೆ ಸಿಕ್ಕು ಮುದಿ ಬಲ್ಲಾಳನಿಗೂ ಅಂಥದೇ ಕೊನೆಯಾಯಿತು. ಕೈಬಿಟ್ಟವನಿಗೂ ಕೊನೆಗೆ ಅಭಯ ಸಿಗಲಿಲ್ಲ.

ನಂಜುಂಡನೇ ಮೊದಲಾದ ನಮ್ಮ ಕವಿಗಳು ಹಾಡಿದ್ದು ಕಂಪಿಲನ ಮಗ ಕುಮಾರರಾಮನನ್ನು, ಪರನಾರೀಸಹೋದರನೆಂಬ ಅವನ ಬಿರುದನ್ನು. ಮಗ ಶೀಲವನ್ನು ಕಾಯ್ದ, ತಂದೆ ಮಾತನ್ನು ಕಾಯ್ದ. ಮಗನ ಕಥೆ ಜನರ ನಾಲಗೆಯಲ್ಲಿ ನಿಂತಿತು. ತಂದೆಯದು ಹೆಚ್ಚಾಗಿ ಪರದೇಶಿಯ ಬರಹದಲ್ಲಿ ಉಳಿಯಿತು.

ವಿಜಯನಗರವನ್ನು ಕಟ್ಟಿದ ಹರಿಹರ ಬುಕ್ಕರು ಕಂಪಿಲನ ಓಲಗದಲ್ಲಿದ್ದವರೆಂದು ಒಂದು ಐತಿಹ್ಯವುಂಟು, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಹೇಗೇ ಇರಲಿ, ಕಂಪಿಲಿ ಅಳಿದು ಹತ್ತು ವರ್ಷ ತುಂಬುವುದರೊಳಗೆ, 1336ರಲ್ಲಿ, ಅದೇ ಹೊಳೆಯ ದಡದಲ್ಲಿ ಹೊಸ ರಾಜ್ಯವೆದ್ದಿತೆಂಬುದು ಪರಂಪರೆಯ ಲೆಕ್ಕ.

ಒಬ್ಬ ಪರಕೀಯನಿಗಾಗಿ ರಾಜ್ಯವನ್ನೇ ಕಳೆದುಕೊಂಡದ್ದು ಜಾಣತನವೇ ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಜಾಣತನವಲ್ಲದಿರಬಹುದು. ಆದರೂ ಹಂಪೆಗೆ ಹೋದವರು ಒಂದು ಸಂಜೆಯನ್ನು ಕಂಪ್ಲಿಗೆ ಕೊಡಲಿ. ಹೊಳೆಯ ಮೆಟ್ಟಿಲ ಮೇಲೆ ಕುಳಿತು ಆ ಪ್ರಶ್ನೆಗೆ ತಾವೇ ಉತ್ತರ ಹುಡುಕಲಿ.